ಜಿಪಿಎಸ್ ಹಿಡಿದು ಕೋಟೆಯಲ್ಲಿ ‘ನಿಧಿ’ ಬೇಟೆ: ಏನಿದು ಜಿಯೋಕ್ಯಾಶಿಂಗ್? ದೇವಗಿರಿ, ಸಾಲ್ಹೇರ್‌ನಲ್ಲಿ ಆಡಬಹುದೇ?

ನಾಸಿಕ್/ಛತ್ರಪತಿ ಸಂಭಾಜಿನಗರ: ಬೆಟ್ಟದ ಮೇಲೊಂದು ಹಳೆಯ ಕೋಟೆ. ಬುರುಜಿನ ಹಿಂದೆ, ಕಲ್ಲಿನ ಸಂದಿಯಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಸುರುಳಿ ಸುತ್ತಿದ ಕಾಗದ, ತುಂಡು ಪೆನ್ಸಿಲ್, ಮಕ್ಕಳಾಡುವ ಗೋಲಿ. ಬಚ್ಚಿಟ್ಟವರು ಯಾರೋ, ಹುಡುಕಿಕೊಂಡು ಬರುವವರು ಇನ್ಯಾರೋ. ಇಬ್ಬರ ನಡುವೆ ಇರುವ ಕೊಂಡಿ ಅಕ್ಷಾಂಶ ಮತ್ತು ರೇಖಾಂಶದ ಎರಡು ಸಂಖ್ಯೆಗಳು ಮಾತ್ರ. ಸಿಕ್ಕಿದರೆ ಕಾಗದದಲ್ಲಿ ಹೆಸರು, ದಿನಾಂಕ ಬರೆದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಜಿಯೋಕ್ಯಾಶಿಂಗ್ ಎಂದರೆ ಇಷ್ಟೇ. ಜಗತ್ತಿನಾದ್ಯಂತ ಈಗ ಇಂತಹ 30 ಲಕ್ಷಕ್ಕೂ ಹೆಚ್ಚು ‘ಕ್ಯಾಶ್’ಗಳಿವೆ. ಇಲ್ಲಿ ಕ್ಯಾಶ್ ಎಂದರೆ ನಗದು ಹಣವಲ್ಲ, ಬಚ್ಚಿಟ್ಟ ದಾಸ್ತಾನು.

ಅಮೆರಿಕ ಮತ್ತು ಯುರೋಪಿನಲ್ಲಿ ಈ ಆಟಕ್ಕೆ ಬಲು ಪ್ರಿಯವಾದ ಜಾಗಗಳೆಂದರೆ ಹಳೆಯ ಸೇನಾ ನೆಲೆಗಳು. ಭಾರತದಲ್ಲಿ ಆಟ ಇನ್ನೂ ಚಿಕ್ಕದು, ಆದರೆ ಹಳೆಯ ಸೇನಾ ನೆಲೆಗಳಿಗೆ ಇಲ್ಲಿ ಕೊರತೆಯಿಲ್ಲ. ಅದರಲ್ಲೂ ಮಹಾರಾಷ್ಟ್ರದ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ಜಿಲ್ಲೆಗಳಲ್ಲಿ ಕೋಟೆಯಿಲ್ಲದ ಬೆಟ್ಟ ಹುಡುಕುವುದೇ ಕಷ್ಟ. 2025ರ ಜುಲೈನಲ್ಲಿ ಯುನೆಸ್ಕೋ ‘ಮರಾಠಾ ಸೇನಾ ಭೂದೃಶ್ಯಗಳು’ ಎಂಬ ಹೆಸರಿನಲ್ಲಿ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ನಾಸಿಕ್ ಜಿಲ್ಲೆಯ ಸಾಲ್ಹೇರ್ ಕೂಡ ಒಂದು. ಹಾಗಾದರೆ ಇಲ್ಲಿ ಡಬ್ಬಿ ಬಚ್ಚಿಡಬಹುದೇ? ಹುಡುಕಲು ಹೋಗಬಹುದೇ? ಆಟವೇನೋ ಸರಳ, ಆದರೆ ಇದಕ್ಕೆ ಉತ್ತರ ಅಷ್ಟು ಸರಳವಲ್ಲ.

ಸೇನೆ ಒಂದು ಗುಂಡಿ ಒತ್ತಿದ್ದರಿಂದ ಹುಟ್ಟಿದ ಆಟ

ಜಿಪಿಎಸ್ ಮೂಲತಃ ಅಮೆರಿಕದ ಸೇನೆಯ ವ್ಯವಸ್ಥೆ. ಜನಸಾಮಾನ್ಯರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ಸಣ್ಣ ದೋಷ ಬೆರೆಸಿ ಬಿಡಲಾಗುತ್ತಿತ್ತು. ಅದರಿಂದ ಸ್ಥಳ ಸುಮಾರು 100 ಮೀಟರ್ ಆಚೀಚೆ ತೋರುತ್ತಿತ್ತು. ಹಡಗಿಗೆ ಅದು ಸಾಕು, ಡಬ್ಬಿ ಹುಡುಕಲು ಸಾಲದು. ಅಂದಿನ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ 2000ನೇ ಇಸವಿಯ ಮೇ 2ರಂದು ಈ ದೋಷ ಬೆರೆಸುವುದನ್ನು ನಿಲ್ಲಿಸಲಾಯಿತು. ಜಗತ್ತಿನ ಎಲ್ಲ ಜಿಪಿಎಸ್ ಸಾಧನಗಳೂ ಒಂದೇ ದಿನದಲ್ಲಿ ಹಲವು ಪಟ್ಟು ನಿಖರವಾದವು.

ಮರುದಿನವೇ, ಅಂದರೆ ಮೇ 3ರಂದು, ಡೇವ್ ಅಲ್ಮರ್ ಎಂಬ ಎಂಜಿನಿಯರ್ ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಕಾಡಿನಲ್ಲಿ ಒಂದು ಬಕೆಟ್ ಇಟ್ಟು ಅದರ ಸ್ಥಾನವನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಬಕೆಟ್‌ನಲ್ಲಿ ಪುಸ್ತಕ, ವಿಡಿಯೊ, ಸ್ವಲ್ಪ ಹಣ, ಕವಣೆ ಇದ್ದವು. ಒಂದು ಡಬ್ಬಿ ಬೇಯಿಸಿದ ಕಾಳೂ ಇತ್ತು. ಮೂರು ದಿನ ಕಳೆಯುವುದರೊಳಗೆ ಇಬ್ಬರು ಅದನ್ನು ಹುಡುಕಿ ತೆಗೆದರು. ಅದೇ ತಿಂಗಳ ಕೊನೆಗೆ ಆಟಕ್ಕೆ ‘ಜಿಯೋಕ್ಯಾಶಿಂಗ್’ ಎಂಬ ಹೆಸರು ಬಿತ್ತು. ಸೆಪ್ಟೆಂಬರ್‌ನಲ್ಲಿ ಜಿಯೋಕ್ಯಾಶಿಂಗ್ ಡಾಟ್ ಕಾಮ್ ತಾಣ ಆರಂಭವಾದಾಗ ಅದರಲ್ಲಿ ಇದ್ದದ್ದು 75 ಕ್ಯಾಶ್‌ಗಳು.

ಭಾರತಕ್ಕೂ ಈಗ ತನ್ನದೇ ದಿಕ್ಸೂಚಿ ವ್ಯವಸ್ಥೆ ಇದೆ. ಇಸ್ರೋದ ‘ನಾವಿಕ್’ ಸರಣಿಯ ಮೊದಲ ಉಪಗ್ರಹ 2013ರ ಜುಲೈ 1ರಂದು ಕಕ್ಷೆ ಸೇರಿತು. ಅದರ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರು ಹೊರವಲಯದ ಬ್ಯಾಲಾಳುವಿನಲ್ಲಿ. ಇತ್ತೀಚಿನ ಅನೇಕ ಫೋನ್‌ಗಳು ಜಿಪಿಎಸ್ ಜತೆಗೆ ನಾವಿಕ್ ಸಂಕೇತವನ್ನೂ ಹಿಡಿಯುತ್ತವೆ. ಹೀಗಾಗಿ ಈ ಆಟಕ್ಕೆ ಪ್ರತ್ಯೇಕ ಉಪಕರಣ ಬೇಕಿಲ್ಲ, ಜೇಬಿನಲ್ಲಿರುವ ಫೋನೇ ಸಾಕು.

ಹಳೆಯ ಸೇನಾ ನೆಲೆಗಳೇ ಏಕೆ?

ಜಿಪಿಎಸ್ ಹುಟ್ಟುವುದಕ್ಕೂ ಬಹಳ ಹಿಂದೆ ಈ ಆಟಕ್ಕೊಬ್ಬ ಅಜ್ಜನಿದ್ದ. 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್ ಬೆಟ್ಟಗಾಡಿನಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ, ಕ್ರಾನ್‌ಮಿಯರ್ ಪೂಲ್ ಎಂಬ ದುರ್ಗಮ ಜಾಗದಲ್ಲಿ ಒಂದು ಜಾಡಿ ಇಟ್ಟ. ಅಲ್ಲಿಯವರೆಗೆ ನಡೆದುಬಂದವರು ತಮ್ಮ ಗುರುತಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ‘ಲೆಟರ್‌ಬಾಕ್ಸಿಂಗ್’ ಎಂಬ ಹವ್ಯಾಸ ಶುರುವಾದದ್ದು ಹೀಗೆ. ಆ ಜಾಗ ಇಂದು ಬ್ರಿಟಿಷ್ ಸೇನೆಯ ಓಕ್‌ಹ್ಯಾಂಪ್ಟನ್ ಗುಂಡು ಹಾರಿಸುವ ವಲಯದ ಒಳಗಿದೆ. ಕೆಂಪು ಬಾವುಟ ಹಾರುವ ದಿನ ಒಳಗೆ ಕಾಲಿಡುವಂತಿಲ್ಲ. ಇಳಿಸಿದ ದಿನ ಯಾರು ಬೇಕಾದರೂ ಹೋಗಬಹುದು. ಸೇನೆ ತನ್ನ ವೇಳಾಪಟ್ಟಿಯನ್ನು ಮುಂಚಿತವಾಗಿಯೇ ಪ್ರಕಟಿಸುತ್ತದೆ, ಚಾರಣಿಗರು ಅದನ್ನು ನೋಡಿಕೊಂಡು ಹೊರಡುತ್ತಾರೆ.

ಅಲ್ಮರ್ ಬಕೆಟ್ ಇಟ್ಟ ಆರೆಗನ್ ರಾಜ್ಯದಲ್ಲೇ ಕೊಲಂಬಿಯಾ ನದಿ ಸಮುದ್ರ ಸೇರುವಲ್ಲಿ ಫೋರ್ಟ್ ಸ್ಟೀವನ್ಸ್ ಎಂಬ ರಾಜ್ಯ ಉದ್ಯಾನವಿದೆ. 1863ರಿಂದ 1947ರವರೆಗೆ ಅದು ಸೇನಾ ಕೋಟೆ. 1942ರ ಜೂನ್ 21ರ ರಾತ್ರಿ ಜಪಾನಿನ ಐ-25 ಜಲಾಂತರ್ಗಾಮಿ ಅದರ ಮೇಲೆ 17 ಶೆಲ್ ಹಾರಿಸಿತ್ತು. ಈಗ ಅಲ್ಲಿ ಕುಟುಂಬಗಳು ಡೇರೆ ಹಾಕುತ್ತವೆ, ಮಕ್ಕಳು ಫಿರಂಗಿ ಕಟ್ಟೆಗಳ ಮೇಲೆ ಓಡಾಡುತ್ತಾರೆ. ಅಮೆರಿಕದಲ್ಲಿ ಇಂತಹ ಹತ್ತಾರು ಉದ್ಯಾನಗಳಿವೆ. ಸುರಂಗ, ಮದ್ದಿನಮನೆ, ಕಾಂಕ್ರೀಟ್ ಬಂಕರ್ ಎಂದರೆ ಬಚ್ಚಿಡಲು ಹೇಳಿಮಾಡಿಸಿದ ಜಾಗ. ಕೋಟೆ ಕಟ್ಟಿದವನ ಉದ್ದೇಶವೂ ಅದೇ ತಾನೆ: ತಾನು ಕಾಣಿಸದೆ ಎದುರಿನವನನ್ನು ಕಾಣುವುದು. ಚಿತ್ರದುರ್ಗದ ಕಿಂಡಿಗಳನ್ನು ನೋಡಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಅಲ್ಲಿಯೂ ಎಲ್ಲ ಕಡೆ ಬಾಗಿಲು ತೆರೆದಿಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಡಬ್ಬಿ ಇಡುವಂತಿಲ್ಲ. ಕ್ಯಾಲಿಫೋರ್ನಿಯಾದ ಫೋರ್ಟ್ ಆರ್ಡ್ ಸೇನಾ ನೆಲೆ 1994ರಲ್ಲಿ ಮುಚ್ಚಿ, 2012ರಲ್ಲಿ ರಾಷ್ಟ್ರೀಯ ಸ್ಮಾರಕವಾದರೂ ಹಾದಿ ಬಿಟ್ಟು ಕದಲಬೇಡಿ ಎಂಬ ಎಚ್ಚರಿಕೆ ಈಗಲೂ ಇದೆ. ಕಾರಣ, ಸಿಡಿಯದೆ ಉಳಿದ ಮದ್ದುಗುಂಡು.

ಆಟದ ನಿಯಮಗಳು ಏನನ್ನುತ್ತವೆ?

ಹೊರಗಿನಿಂದ ನೋಡಿದವರಿಗೆ ಇದು ಲಂಗುಲಗಾಮಿಲ್ಲದ ಆಟದಂತೆ ಕಂಡೀತು. ವಾಸ್ತವ ಹಾಗಿಲ್ಲ. ಯಾರೇ ಹೊಸ ಕ್ಯಾಶ್ ಸೇರಿಸಿದರೂ ಸ್ವಯಂಸೇವಕ ಪರಿಶೀಲಕರು ನೋಡಿ ಒಪ್ಪಿದ ಮೇಲಷ್ಟೇ ಅದು ಪಟ್ಟಿಯಲ್ಲಿ ಕಾಣಿಸುತ್ತದೆ. ನೆಲ ಅಗೆದು ಹೂಳುವಂತಿಲ್ಲ. ಗಿಡಮರಗಳಿಗೆ, ಕಟ್ಟಡಗಳಿಗೆ ಗಾಯವಾಗಬಾರದು. ತಿನಿಸು, ಮದ್ಯ, ಆಯುಧ, ಪಟಾಕಿ ಒಳಗಿಡಬಾರದು. ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ಅಂತರವಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜಾಗದ ಒಡೆಯರು ಅಥವಾ ಅದನ್ನು ನೋಡಿಕೊಳ್ಳುವ ಇಲಾಖೆಯ ಅನುಮತಿ ಬೇಕು. ಹುಡುಕುವುದು ಎಷ್ಟು ಕಷ್ಟ, ಹಾದಿ ಎಷ್ಟು ಕಷ್ಟ ಎಂಬುದಕ್ಕೆ 1ರಿಂದ 5ರವರೆಗೆ ಬೇರೆ ಬೇರೆ ಅಂಕಗಳಿರುತ್ತವೆ.

ಭಾರತದಲ್ಲಿ ಆಟ ಎಡವುವುದು ಈ ಅನುಮತಿಯ ವಿಷಯದಲ್ಲೇ. ಕೋಟೆಯೊಂದರ ಮುಂದೆ ನಿಂತು ‘ಇದರ ಒಡೆಯರು ಯಾರು’ ಎಂದು ಕೇಳಿದರೆ ಒಂದೇ ಉತ್ತರ ಸಿಗುವುದು ಅಪರೂಪ. ಗೋಡೆ ಪುರಾತತ್ವ ಇಲಾಖೆಯದ್ದು, ಇಳಿಜಾರು ಅರಣ್ಯ ಇಲಾಖೆಯದ್ದು, ಬುಡದ ಜಮೀನು ಗ್ರಾಮಸ್ಥರದ್ದು, ಮೇಲಿನ ಗುಡಿ ದೇವಸ್ಥಾನದವರದ್ದು ಆಗಿರಬಹುದು. ಒಬ್ಬರ ಒಪ್ಪಿಗೆ ಇನ್ನೊಬ್ಬರ ಒಪ್ಪಿಗೆಯಾಗುವುದಿಲ್ಲ.

ದೇವಗಿರಿ: ಉಪಗ್ರಹಕ್ಕೂ ಕಾಣದ ಕೋಟೆ

ಛತ್ರಪತಿ ಸಂಭಾಜಿನಗರದಿಂದ ಎಲ್ಲೋರಕ್ಕೆ ಹೋಗುವ ದಾರಿಯಲ್ಲಿ, ನಗರದಿಂದ ಸುಮಾರು 15 ಕಿ.ಮೀ. ದೂರದಲ್ಲಿದೆ ದೇವಗಿರಿ, ಅಂದರೆ ದೌಲತಾಬಾದ್. ಕರ್ನಾಟಕದ ಓದುಗರಿಗೆ ಈ ಕೋಟೆ ಪರದೇಶದ್ದಲ್ಲ. 12ನೇ ಶತಮಾನದ ಕೊನೆಯಲ್ಲಿ ಇದನ್ನು ರಾಜಧಾನಿ ಮಾಡಿಕೊಂಡ ಐದನೇ ಭಿಲ್ಲಮ ಸೇವುಣ ಯಾದವರ ಅರಸ. ಸೇವುಣರ ಶಾಸನಗಳಲ್ಲಿ ಕನ್ನಡದವು ಬಹುಸಂಖ್ಯೆಯಲ್ಲಿವೆ. ಗದಗ ಸೀಮೆಯ ಸೊರಟೂರಿನಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನ ಎದುರು ಸೋತವನೂ ಇದೇ ಭಿಲ್ಲಮ. ಅದಕ್ಕೂ ಮೊದಲು ಈ ಮನೆತನದ ನೆಲೆ ಇಂದಿನ ನಾಸಿಕ್ ಜಿಲ್ಲೆಯ ಸಿನ್ನರ್‌ನಲ್ಲಿತ್ತು. ಅಲ್ಲಿನ ಗೊಂದೇಶ್ವರ ದೇವಾಲಯ ಇಂದಿಗೂ ನಿಂತಿದೆ.

1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ದಾಳಿ ಮಾಡಿದಾಗಿನ ಒಂದು ಕಥೆ ಪ್ರಸಿದ್ಧ. ಮುತ್ತಿಗೆಗೆಂದು ಅವಸರದಲ್ಲಿ ಕೋಟೆಯೊಳಗೆ ಸಾಗಿಸಿದ ಮೂಟೆಗಳಲ್ಲಿ ಧಾನ್ಯವಿದೆ ಎಂದೇ ರಾಮಚಂದ್ರ ದೇವನ ಕಡೆಯವರು ನಂಬಿದ್ದರಂತೆ. ಬಿಚ್ಚಿ ನೋಡಿದರೆ ಉಪ್ಪು. ಬಚ್ಚಿಟ್ಟ ದಾಸ್ತಾನಿನಲ್ಲಿ ಏನಿದೆ ಎಂದು ಮೊದಲೇ ತೆರೆದು ನೋಡದಿದ್ದಕ್ಕೆ ಒಂದು ರಾಜ್ಯವೇ ತಲೆಬಾಗಬೇಕಾಯಿತು. 1327ರಲ್ಲಿ ಮಹಮ್ಮದ್ ಬಿನ್ ತುಘಲಕ್ ದೆಹಲಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದದ್ದು ಶಾಲಾ ಪುಸ್ತಕದಲ್ಲಿರುವ ಸಂಗತಿ. ಮುಂದೆ ಬಹಮನಿಗಳು, ಅಹ್ಮದ್‌ನಗರದ ನಿಜಾಮಶಾಹಿ, 1633ರಲ್ಲಿ ಮೊಘಲರು, ಆಮೇಲೆ ಹೈದರಾಬಾದ್ ನಿಜಾಮರು ಹೀಗೆ ಕೈ ಬದಲಾಯಿತು.

ಈ ಕೋಟೆಯ ರಚನೆಯನ್ನು ಸ್ವಲ್ಪ ಗಮನಿಸಿದರೆ ಜಿಯೋಕ್ಯಾಶಿಂಗ್‌ನ ತಾಂತ್ರಿಕ ಮಿತಿಯೂ ಅರ್ಥವಾಗುತ್ತದೆ. ಶಂಕುವಿನಾಕಾರದ ಬೆಟ್ಟದ ಬುಡವನ್ನು ಸುತ್ತಲೂ ಕಡಿದು ಲಂಬ ಗೋಡೆಯಂತೆ ಮಾಡಲಾಗಿದೆ. ಅದರ ಸುತ್ತ ಬಂಡೆಯಲ್ಲೇ ಕೊರೆದ ಕಂದಕ. ದಾಟಲು ಇಕ್ಕಟ್ಟಾದ ಒಂದೇ ಸೇತುವೆ. ದಾಟಿದ ಮೇಲೆ ‘ಅಂಧೇರಿ’ ಎಂದು ಕರೆಯುವ ಕತ್ತಲ ಸುರಂಗ. ಬಂಡೆಯೊಳಗೆ ತಿರುತಿರುಗಿ ಏರುವ ಈ ಹಾದಿಯಲ್ಲಿ ಶತ್ರು ದಿಕ್ಕು ತಪ್ಪಬೇಕು ಎಂಬುದೇ ಲೆಕ್ಕಾಚಾರ.

ಇಂದು ಫೋನ್ ಹಿಡಿದು ಹೋದವರ ಗತಿಯೂ ಅದೇ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿ ಉಪಗ್ರಹದ ಸಂಕೇತ ಬಂದು ಮುಟ್ಟಲು ಹಿಡಿದ ಸಮಯವನ್ನು ಅಳೆದು, ಕನಿಷ್ಠ ನಾಲ್ಕು ಉಪಗ್ರಹಗಳ ದೂರವನ್ನು ಹೊಂದಿಸಿ, ಫೋನ್ ತಾನಿರುವ ಸ್ಥಳವನ್ನು ಲೆಕ್ಕ ಹಾಕುತ್ತದೆ. ಬಯಲಿನಲ್ಲಿ, ತೆರೆದ ಆಕಾಶದಡಿ ಸುಮಾರು 5 ಮೀಟರ್ ನಿಖರತೆ ಸಿಗುತ್ತದೆ. ಬಂಡೆಯ ಗೋಡೆಯ ಪಕ್ಕ ನಿಂತರೆ ಅರ್ಧ ಆಕಾಶವೇ ಮುಚ್ಚಿಹೋಗುತ್ತದೆ. ಉಳಿದ ಸಂಕೇತಗಳು ಎದುರಿನ ಗೋಡೆಗೆ ಬಡಿದು ಸುತ್ತಿಕೊಂಡು ಬರುವುದರಿಂದ ಫೋನಿಗೆ ದೂರ ಹೆಚ್ಚಾದಂತೆ ತೋರುತ್ತದೆ. ನಕ್ಷೆಯ ಮೇಲಿನ ನೀಲಿ ಚುಕ್ಕೆ ಕಂದಕದ ಆಚೆ ಬದಿಗೆ ಜಿಗಿಯುವುದು ಇದೇ ಕಾರಣಕ್ಕೆ. ಸುರಂಗದೊಳಗಂತೂ ಏನೂ ಇಲ್ಲ.

ಇದು ಬರೀ ತಮಾಷೆಯ ಸಂಗತಿಯಲ್ಲ. ಚುಕ್ಕೆಯನ್ನು ನಂಬಿ ಎರಡು ಹೆಜ್ಜೆ ಮುಂದಿಟ್ಟರೆ ನಾಸಿಕ್‌ನ ಬಹುತೇಕ ಕೋಟೆಗಳಲ್ಲಿ ಅದು ಪ್ರಪಾತ. ತ್ರ್ಯಂಬಕೇಶ್ವರ ಬಳಿಯ ಹರಿಹರ ಕೋಟೆಯ ಮೆಟ್ಟಿಲುಗಳನ್ನು ಬಹುತೇಕ ಲಂಬವಾದ ಬಂಡೆಯಲ್ಲಿ ಕಡಿಯಲಾಗಿದೆ, ಹಿಡಿದುಕೊಳ್ಳಲು ಇರುವುದು ಕಲ್ಲಿನ ಗುಳಿಗಳಷ್ಟೆ. 1818ರಲ್ಲಿ ಪೇಶ್ವೆಗಳನ್ನು ಸೋಲಿಸಿದ ಬ್ರಿಟಿಷರು ಈ ಸೀಮೆಯ ಕೋಟೆಗಳನ್ನು ಮತ್ತೆ ಯಾರೂ ಬಳಸದಂತೆ ಹಲವೆಡೆ ಹಾದಿ, ಮೆಟ್ಟಿಲುಗಳನ್ನು ಒಡೆದುಹಾಕಿದ್ದರು. ಆ ಒಡಕು ಇಂದಿಗೂ ಚಾರಣಿಗರ ಕಾಲಡಿಯಲ್ಲಿದೆ. ಇನ್ನು ಹೆಜ್ಜೇನು, ಬಂಡೆ ಸಂದಿಯ ಹಾವು. ಕಾಣದ ಸಂದಿಗೆ ಕೈ ಹಾಕುವುದೇ ಆಟದ ಜೀವಾಳ ಎನ್ನುವವರು ಡೆಕ್ಕನ್ ಬೆಟ್ಟಗಳಲ್ಲಿ ಆ ಅಭ್ಯಾಸ ಬಿಡುವುದು ಒಳ್ಳೆಯದು.

ಕಾನೂನು ಎಲ್ಲಿ ಅಡ್ಡ ಬರುತ್ತದೆ?

ದೇವಗಿರಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಇದಕ್ಕೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅನ್ವಯಿಸುತ್ತದೆ. ಈ ಕಾಯ್ದೆಯ ಬಗ್ಗೆ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ‘100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ’ ಎಂಬ 2010ರ ತಿದ್ದುಪಡಿಯ ಮಾತನ್ನು ಎಲ್ಲದಕ್ಕೂ ಎಳೆದು ತರಲಾಗುತ್ತದೆ. ಆ ಅಂತರ ಇರುವುದು ಕಟ್ಟಡ ನಿರ್ಮಾಣ ಮತ್ತು ಗಣಿಗಾರಿಕೆಗೆ, ಜೇಬಿನಲ್ಲಿ ಡಬ್ಬಿ ಇಟ್ಟುಕೊಂಡವರಿಗಲ್ಲ. ಡಬ್ಬಿಯವರಿಗೆ ಮುಖ್ಯವಾದದ್ದು ಬೇರೆ: ಸ್ಮಾರಕಕ್ಕೆ ಹಾನಿ ಮಾಡುವುದು, ವಿರೂಪಗೊಳಿಸುವುದು ಅಪರಾಧ. ಶಿಕ್ಷೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಸಡಿಲ ಕಲ್ಲೊಂದನ್ನು ಸರಿಸಿ ಹಿಂದೆ ಡಬ್ಬಿ ತುರುಕುವುದು ಇಟ್ಟವರಿಗೆ ಸಣ್ಣ ಕೆಲಸ. ಆದರೆ ಹುಡುಕಲು ಬರುವ ಪ್ರತಿಯೊಬ್ಬರೂ ಆ ಕಲ್ಲನ್ನೂ, ಅದರ ಅಕ್ಕಪಕ್ಕದ ನಾಲ್ಕು ಕಲ್ಲುಗಳನ್ನೂ ಅಲುಗಾಡಿಸುತ್ತಾರೆ. ಗಾರೆ ಉದುರಿದ ಗೋಡೆಗೆ ಅಷ್ಟು ಸಾಕು.

ಸಾಲ್ಹೇರ್‌ನ ಸ್ಥಿತಿ ಸ್ವಲ್ಪ ಭಿನ್ನ. ವಿಶ್ವ ಪರಂಪರೆಯ 12 ಕೋಟೆಗಳಲ್ಲಿ 8 ಕೇಂದ್ರದ ಪುರಾತತ್ವ ಇಲಾಖೆಯ ವಶದಲ್ಲಿವೆ. ಸಾಲ್ಹೇರ್ ಸೇರಿ ಉಳಿದ 4 ಕೋಟೆಗಳನ್ನು ಮಹಾರಾಷ್ಟ್ರ ಸರ್ಕಾರದ ಪುರಾತತ್ವ ಮತ್ತು ವಸ್ತುಸಂಗ್ರಹಾಲಯಗಳ ನಿರ್ದೇಶನಾಲಯ ನೋಡಿಕೊಳ್ಳುತ್ತದೆ. 1567 ಮೀಟರ್ ಎತ್ತರದ ಸಾಲ್ಹೇರ್ ಮಹಾರಾಷ್ಟ್ರದ ಅತಿ ಎತ್ತರದ ಕೋಟೆ. 1672ರಲ್ಲಿ ಇಲ್ಲಿ ನಡೆದ ಕದನದಲ್ಲಿ ಶಿವಾಜಿಯ ಸೇನೆ ಮೊಘಲರನ್ನು ಬಯಲು ಯುದ್ಧದಲ್ಲೇ ಮಣಿಸಿತ್ತು. ಮೇಲೆ ಟಿಕೆಟ್ ಕೌಂಟರ್ ಇಲ್ಲ, ಹೆಜ್ಜೆಗೊಬ್ಬ ಕಾವಲುಗಾರನೂ ಇಲ್ಲ. ಕೇಳುವವರಿಲ್ಲ ಎಂದ ಮಾತ್ರಕ್ಕೆ ಅನುಮತಿ ಇದೆ ಎಂದಾಗುವುದಿಲ್ಲ, ರಾಜ್ಯದ 1960ರ ಸ್ಮಾರಕ ಕಾಯ್ದೆ ಅಲ್ಲಿಯೂ ಇದೆ.

‘ನಿಧಿ’ ಎಂಬ ಪದವೇ ಅಪಾಯ

ಕಾನೂನಿಗಿಂತ ಮೊದಲು ಎದುರಾಗುವುದು ಊರಿನವರ ಅನುಮಾನ. ಮುಸ್ಸಂಜೆಯಲ್ಲಿ ಹಾಳು ಕೋಟೆಯ ಮೂಲೆಯಲ್ಲಿ ಕೈಯಲ್ಲಿ ಸಾಧನ ಹಿಡಿದು ಕಲ್ಲು ಸರಿಸುವ ಅಪರಿಚಿತರನ್ನು ಕಂಡರೆ ಯಾರಿಗಾದರೂ ಮೊದಲು ಹೊಳೆಯುವುದು ನಿಧಿಗಳ್ಳರು. ಕರ್ನಾಟಕದಲ್ಲೂ ನಿಧಿಯಾಸೆಗೆ ಗುಡಿ, ಕೋಟೆ, ವೀರಗಲ್ಲುಗಳ ಬುಡ ಅಗೆದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಹೀಗಾಗಿ ಅನುಮಾನ ಪಡುವ ಗ್ರಾಮಸ್ಥರನ್ನು ದೂರುವಂತಿಲ್ಲ. ಅನೇಕ ಕೋಟೆಗಳಿಗೆ ಉಳಿದಿರುವ ಕಾವಲು ಅವರೊಬ್ಬರೇ.

ಇತ್ತೀಚಿನ ಉದಾಹರಣೆ ಮಹಾರಾಷ್ಟ್ರ ಗಡಿಗೆ ಅಂಟಿಕೊಂಡಿರುವ ಮಧ್ಯಪ್ರದೇಶದ ಬುರ್ಹಾನ್‌ಪುರದ್ದು. ಸಂಭಾಜಿ ಮಹಾರಾಜರ ಕಥೆಯ ‘ಛಾವಾ’ ಚಿತ್ರ 2025ರ ಫೆಬ್ರವರಿಯಲ್ಲಿ ತೆರೆಕಂಡಿತು. ಬುರ್ಹಾನ್‌ಪುರದ ಮೊಘಲ್ ಖಜಾನೆಯ ಪ್ರಸ್ತಾಪ ಅದರಲ್ಲಿತ್ತು. ಕೆಲವೇ ವಾರಗಳಲ್ಲಿ ಅಸೀರ್‌ಗಢ ಕೋಟೆಯ ಬಳಿಯ ಹೊಲಗಳಲ್ಲಿ ರಾತ್ರಿ ಟಾರ್ಚ್, ಲೋಹಶೋಧಕ ಹಿಡಿದು ಜನ ಚಿನ್ನದ ನಾಣ್ಯಕ್ಕಾಗಿ ಅಗೆಯತೊಡಗಿದರು. ಪೊಲೀಸರು ಮಧ್ಯಪ್ರವೇಶಿಸಬೇಕಾಯಿತು. ಇಂತಹ ವಾತಾವರಣದಲ್ಲಿ ‘ನಿಧಿ ಹುಡುಕಾಟದ ಆಟಕ್ಕೆ ಬಂದಿದ್ದೇವೆ’ ಎಂದು ಮುಗ್ಧವಾಗಿ ಹೇಳಿದರೆ ಅದಕ್ಕಿಂತ ಕೆಟ್ಟ ಪರಿಚಯ ಬೇರೊಂದಿಲ್ಲ.

ನಿಜವಾದ ನಿಧಿ ಸಿಕ್ಕರೆ? 1878ರ ನಿಧಿ ಕಾಯ್ದೆ ಇನ್ನೂ ಜಾರಿಯಲ್ಲಿದೆ. ನೆಲದಲ್ಲಿ ಅಡಗಿದ್ದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ಯಾವುದೇ ವಸ್ತು ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮಳೆಗೆ ಮಣ್ಣು ಜಾರಿ ಹಳೆಯ ನಾಣ್ಯವೋ ಫಿರಂಗಿ ಗುಂಡೋ ಕಣ್ಣಿಗೆ ಬಿದ್ದರೆ ಅದು ‘ಸಿಕ್ಕಿದವನಿಗೆ ಸೀರುಂಡೆ’ ಅಲ್ಲ.

ಅನುಮಾನ ಬಾಂಬಿನ ಕಡೆಗೂ ತಿರುಗಬಹುದು. 2011ರ ಜುಲೈನಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಕೆಫೆಯ ಹೊರಗೆ ಯಾರೋ ಬಚ್ಚಿಟ್ಟಿದ್ದ ಪುಟ್ಟ ಡಬ್ಬಿಯನ್ನು ಬಾಂಬ್ ಎಂದು ಭಾವಿಸಿ ಬೀದಿ ತೆರವು ಮಾಡಲಾಯಿತು. ಸೇನೆಯ ಬಾಂಬ್ ನಿಷ್ಕ್ರಿಯ ದಳ ಬಂದು ಅದನ್ನು ಸ್ಫೋಟಿಸಿತು. ಅದು ಜಿಯೋಕ್ಯಾಶ್ ಎಂದು ಆಮೇಲೆ ಗೊತ್ತಾಯಿತು. ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ ಎಂದು ರೈಲು, ಬಸ್ ನಿಲ್ದಾಣಗಳಲ್ಲಿ ದಿನವಿಡೀ ಧ್ವನಿವರ್ಧಕ ಹೇಳುವ ದೇಶದಲ್ಲಿ ಪ್ರತಿಕ್ರಿಯೆ ಇನ್ನೂ ತೀವ್ರವಾಗಿಯೇ ಇರುತ್ತದೆ.

ದೇವಳಾಲಿಯಲ್ಲಿ ಸೇನೆ ‘ಹಿಂದಿನದ್ದು’ ಅಲ್ಲ

ನಾಸಿಕ್‌ನ ಸೇನಾ ನಂಟು ಇತಿಹಾಸದಲ್ಲಿ ಮುಗಿದುಹೋಗಿಲ್ಲ. ನಗರದ ಅಂಚಿನ ದೇವಳಾಲಿ 19ನೇ ಶತಮಾನದಿಂದಲೂ ದಂಡುಪ್ರದೇಶ. ಊರಿಗೆ ಮರಳುವ ಹಡಗಿಗಾಗಿ ಬ್ರಿಟಿಷ್ ಸೈನಿಕರು ಇಲ್ಲಿ ತಿಂಗಳುಗಟ್ಟಲೆ ಕಾದು ತಲೆಕೆಡಿಸಿಕೊಳ್ಳುತ್ತಿದ್ದರು. ಹುಚ್ಚು ಹಿಡಿದವರಿಗೆ ಇಂಗ್ಲಿಷಿನಲ್ಲಿ ‘ಡೂಲಾಲಿ’ ಎನ್ನುವ ಮಾತು ಬಂದದ್ದು ಈ ಊರಿನ ಹೆಸರಿನಿಂದಲೇ. ಇಂದು ಇಲ್ಲಿ ಭಾರತೀಯ ಸೇನೆಯ ಫಿರಂಗಿದಳದ ಶಾಲೆ ಮತ್ತು ವಿಶಾಲವಾದ ಗುಂಡು ಹಾರಿಸುವ ವಲಯ ಇವೆ. ‘ತೋಪ್ಚಿ’ ಪ್ರದರ್ಶನ ನಡೆಯುವುದು ಇಲ್ಲೇ.

ಇಂತಹ ವಲಯಗಳಲ್ಲಿ ಡಬ್ಬಿ ಇಡುವ, ಹುಡುಕುವ ಪ್ರಶ್ನೆಯೇ ಬರುವುದಿಲ್ಲ. ಗುಂಡು ಹಾರಿಸುವ ಅಭ್ಯಾಸಕ್ಕೆ 1938ರದ್ದೇ ಪ್ರತ್ಯೇಕ ಕಾಯ್ದೆಯಿದೆ. ನಿಷೇಧಿತ ಸ್ಥಳಗಳಿಗೆ 1923ರ ಅಧಿಕೃತ ರಹಸ್ಯ ಕಾಯ್ದೆ ಇದೆ. ಡಾರ್ಟ್‌ಮೂರ್‌ನಂತೆ ಬಾವುಟ ಇಳಿದ ದಿನ ಒಳಗೆ ಹೋಗುವ ಪದ್ಧತಿಯನ್ನು ಇಲ್ಲಿ ನಿರೀಕ್ಷಿಸಬಾರದು. ಇದರ ಜತೆಗೆ ಸಿಡಿಯದ ಶೆಲ್‌ಗಳ ಅಪಾಯ. ದೇಶದ ಹಲವು ಫೈರಿಂಗ್ ರೇಂಜ್‌ಗಳ ಬಳಿ ಗುಜರಿ ಲೋಹಕ್ಕಾಗಿ ಶೆಲ್ ತುಣುಕು ಆಯಲು ಹೋದ ಬಡವರು ಜೀವ ಕಳೆದುಕೊಂಡಿದ್ದಾರೆ. ಲೋಹದ ವಸ್ತು ಮಣ್ಣಿನಿಂದ ಇಣುಕುತ್ತಿದ್ದರೆ ಮುಟ್ಟದೆ, ಬಂದ ದಾರಿಯಲ್ಲೇ ಹಿಂತಿರುಗಿ ಪೊಲೀಸರಿಗೆ ತಿಳಿಸಬೇಕು.

ಕನ್ನಡ್ ತಾಲ್ಲೂಕಿನ ಕಾಡು

ರಾಜ್ಯ ಸರ್ಕಾರದ ಸಂರಕ್ಷಿತ ಕಾಡು ಮತ್ತು ಹಳೆಯ ಕೋಟೆ ಎರಡೂ ಸೇರಿದ ಜಾಗ ಬೇಕೆಂದರೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಕನ್ನಡ್ ತಾಲ್ಲೂಕಿಗೆ ಹೋಗಬೇಕು. ಹೌದು, ತಾಲ್ಲೂಕಿನ ಹೆಸರೇ ‘ಕನ್ನಡ್’. ಕರ್ನಾಟಕದಿಂದ ಹೋದವರ ಕಣ್ಣಿಗೆ ಆ ನಾಮಫಲಕ ಬೀಳದೆ ಇರದು. ಇದರ ಸುತ್ತ ಹಬ್ಬಿರುವ ಗೌತಾಳಾ ಔತ್ರಮ್‌ಘಾಟ್ ಅಭಯಾರಣ್ಯವನ್ನು 1986ರಲ್ಲಿ ಘೋಷಿಸಲಾಯಿತು, ಇದು ಜಳಗಾಂವ್ ಜಿಲ್ಲೆಗೂ ಚಾಚಿದೆ. ಪಿತಳಖೋರಾ ಬೌದ್ಧ ಗುಹೆಗಳು ಈ ಸೀಮೆಯಲ್ಲಿವೆ. ನಿಜಾಮಶಾಹಿ ಕಾಲದ ಶಾಸನವಿರುವ ಅಂತೂರ್ ಕೋಟೆಯೂ ಇದೇ ತಾಲ್ಲೂಕಿನದು.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಸೆಕ್ಷನ್ 27 ಮತ್ತು 28ರ ಪ್ರಕಾರ ಅಭಯಾರಣ್ಯಕ್ಕೆ ಪ್ರವೇಶಿಸಲು ಪರವಾನಗಿ ಬೇಕು. ಪ್ರವಾಸ, ಛಾಯಾಗ್ರಹಣ, ಅಧ್ಯಯನದಂತಹ ಕಾರಣಗಳಿಗೆ ಅದನ್ನು ಕೊಡಲು ಅವಕಾಶವಿದೆ. ಆದರೆ ಪ್ರವಾಸಿಯಾಗಿ ಹೋಗಲು ಸಿಕ್ಕ ಚೀಟಿ, ಅಲ್ಲಿ ವಸ್ತು ಬಿಟ್ಟು ಬರಲು ಸಿಕ್ಕ ಚೀಟಿಯಲ್ಲ. ಚಿರತೆ, ಕರಡಿ ಇರುವ ಕಾಡಿನಲ್ಲಿ ಹಾದಿ ಬಿಟ್ಟು ಪೊದೆ ಹುಡುಕುವುದು ಅರಣ್ಯ ಸಿಬ್ಬಂದಿಗೆ ತಲೆನೋವು ತರುವ ಕೆಲಸ. ಪ್ಲಾಸ್ಟಿಕ್ ಡಬ್ಬಿಯನ್ನು ಕೋತಿಗಳು ಒಯ್ದರೆ ಆಟದ ಲೆಕ್ಕದಲ್ಲಿ ಅದು ‘ಕಾಣೆಯಾದ ಕ್ಯಾಶ್’, ಕಾಡಿನ ಲೆಕ್ಕದಲ್ಲಿ ಕಸ.

ಕೈಯಲ್ಲಿರುವ ಸಾಧನದ ಬಗ್ಗೆಯೂ ಎಚ್ಚರ

ಫೋನ್‌ನಲ್ಲಿನ ಜಿಪಿಎಸ್‌ಗಾಗಲಿ, ಬರೀ ಸ್ಥಳ ತೋರಿಸುವ ಕೈ ಜಿಪಿಎಸ್‌ಗಾಗಲಿ ಇಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನಗಳದ್ದು. ವಿದೇಶದಲ್ಲಿ ಚಾರಣಿಗರು ತುರ್ತು ನೆರವಿಗೆಂದು ಇವನ್ನು ಸಾಮಾನ್ಯವಾಗಿ ಒಯ್ಯುತ್ತಾರೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಉಪಗ್ರಹ ಫೋನ್ ಅಥವಾ ಸಂವಹನ ಸಾಧನ ಇಟ್ಟುಕೊಳ್ಳುವುದು ಅಪರಾಧ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಗಾರ್ಮಿನ್ ಇನ್‌ರೀಚ್ ಸಾಧನ ಹೊಂದಿದ್ದ ವಿದೇಶಿ ಪ್ರವಾಸಿಗರನ್ನು ತಡೆದು ಪ್ರಕರಣ ದಾಖಲಿಸಲಾಗಿತ್ತು. ಅಮೆರಿಕದಿಂದ ರಜೆಗೆ ಬರುವ ಮಕ್ಕಳು, ಮೊಮ್ಮಕ್ಕಳ ಬ್ಯಾಗ್‌ನಲ್ಲಿ ಇಂತಹದ್ದಿದ್ದರೆ ಅಲ್ಲೇ ಬಿಟ್ಟು ಬರಲು ಹೇಳುವುದು ಕ್ಷೇಮ.

ನಕ್ಷೆಯ ವಿಷಯದಲ್ಲಿ ಮಾತ್ರ ಕಾಲ ಬದಲಾಗಿದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2021ರ ಫೆಬ್ರವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಭಾರತೀಯರಿಗೆ ನಕ್ಷೆ ತಯಾರಿಸಲು, ಹಂಚಲು ಬಹುಮಟ್ಟಿಗೆ ಮುಕ್ತ ಅವಕಾಶ ಕೊಟ್ಟಿವೆ. ಆದರೂ ಸೂಕ್ಷ್ಮ ನೆಲೆಗಳನ್ನು ನಕ್ಷೆಯಲ್ಲಿ ಹೆಸರಿಸಿ ಗುರುತಿಸುವಂತಿಲ್ಲ. ಕ್ಯಾಶ್‌ನ ವಿವರಣೆಯಲ್ಲಿ ‘ಆ ಸೇನಾ ಗೇಟಿನಿಂದ ಎಡಕ್ಕೆ ಇಷ್ಟು ಮೀಟರ್’ ಎಂದು ಬರೆಯುವ ಉತ್ಸಾಹ ಬೇಡ.

ಡಬ್ಬಿಯೇ ಇಲ್ಲದ ದಾರಿ

ಇಷ್ಟೆಲ್ಲ ಕೇಳಿದ ಮೇಲೆ ಆಟವೇ ಬೇಡ ಎನಿಸಬಹುದು. ಅಗತ್ಯವಿಲ್ಲ. ಡಬ್ಬಿಯೇ ಇಲ್ಲದ ಕ್ಯಾಶ್‌ಗಳಿವೆ. ಅಮೆರಿಕದ ಭೂವಿಜ್ಞಾನ ಸಂಘದ ಸಹಯೋಗದಲ್ಲಿ 2004ರಲ್ಲಿ ಶುರುವಾದ ‘ಅರ್ತ್‌ಕ್ಯಾಶ್’ ಅಂತಹದ್ದು. ಇಲ್ಲಿ ಬಚ್ಚಿಡುವುದು ಏನೂ ಇಲ್ಲ. ನಿಗದಿತ ಸ್ಥಳಕ್ಕೆ ಹೋಗಿ, ಅಲ್ಲಿನ ಬಂಡೆಯನ್ನೋ ಕಣಿವೆಯನ್ನೋ ನೋಡಿ, ಕ್ಯಾಶ್ ರೂಪಿಸಿದವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕಳುಹಿಸಿದರೆ ಕ್ಯಾಶ್ ಸಿಕ್ಕಿದಂತೆ. ಇದಕ್ಕೂ ಸ್ಥಳದ ಇಲಾಖೆಯ ಒಪ್ಪಿಗೆ ಬೇಕು. ಆದರೆ ಸ್ಮಾರಕಕ್ಕೆ ಹಾನಿಯಿಲ್ಲದ್ದರಿಂದ ಒಪ್ಪಿಗೆ ಕೇಳಲು ಮುಖವಿರುತ್ತದೆ.

ಈ ಎರಡು ಜಿಲ್ಲೆಗಳಿಗೆ ಇದಕ್ಕಿಂತ ಹೊಂದುವ ಬಗೆ ಮತ್ತೊಂದಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರಪದರವಾಗಿ ಹರಿದು ಗಟ್ಟಿಯಾದದ್ದೇ ಡೆಕ್ಕನ್ ಪ್ರಸ್ಥಭೂಮಿಯ ಈ ಭಾಗ. ಗಟ್ಟಿ ಪದರ ಉಳಿದು ಮೆತ್ತನೆಯದು ಸವೆದಿದ್ದರಿಂದಲೇ ಇಲ್ಲಿನ ಬೆಟ್ಟಗಳಿಗೆ ಮೆಟ್ಟಿಲಿನಂತಹ ಆಕಾರ, ಸಮತಟ್ಟಾದ ತಲೆ, ಸುತ್ತ ಕಡಿದಾದ ಗೋಡೆ. ಪ್ರಕೃತಿ ಕಟ್ಟಿಕೊಟ್ಟ ಆ ಗೋಡೆಗೆ ರಾಜರು ಬಾಗಿಲು ಇಟ್ಟುಕೊಂಡರು. ದೇವಗಿರಿಯ ಕಂದಕ, ಎಲ್ಲೋರದಲ್ಲಿ ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದಲ್ಲಿ ಮೇಲಿನಿಂದ ಕೆಳಕ್ಕೆ ಕಡಿದ ಕೈಲಾಸ ದೇಗುಲ, ಹರಿಹರದ ಮೆಟ್ಟಿಲು ಎಲ್ಲವೂ ಅದೇ ಬಸಾಲ್ಟ್ ಕಲ್ಲಿನಲ್ಲಿ. ‘ಕಂದಕದ ಗೋಡೆಯಲ್ಲಿ ಎಷ್ಟು ಲಾವಾ ಪದರ ಎಣಿಸಬಹುದು? ಕೆಂಪು ಮಣ್ಣಿನ ಗೆರೆ ಎಲ್ಲಿ ಬರುತ್ತದೆ?’ ಎಂಬ ಪ್ರಶ್ನೆಗಳನ್ನು ಹಿಡಿದು ಹೋದ ಶಾಲಾ ಮಕ್ಕಳು ಗೋಡೆಯ ಮೇಲೆ ಹೆಸರು ಕೆತ್ತುವುದಕ್ಕಿಂತ ಕೆತ್ತನೆಯನ್ನೇ ನೋಡುವ ಸಾಧ್ಯತೆ ಹೆಚ್ಚು.

ಆಟದಲ್ಲಿ ಇನ್ನೊಂದು ಪದ್ಧತಿಯಿದೆ. 2002ರಿಂದ ಜಿಯೋಕ್ಯಾಶಿಂಗ್ ಬಳಗ ಕ್ಯಾಶ್ ಹುಡುಕುತ್ತಲೇ ಕಸ ಹೆಕ್ಕುವ ಕಾರ್ಯಕ್ರಮಗಳನ್ನು ನಡೆಸುತ್ತಿದೆ. ಮಹಾರಾಷ್ಟ್ರದ ದುರ್ಗಪ್ರೇಮಿ ತಂಡಗಳು ವಾರಾಂತ್ಯಗಳಲ್ಲಿ ಕೋಟೆ ಏರಿ, ಕೆರೆಗಳ ಹೂಳು ತೆಗೆದು, ಬಾಟಲಿಗಳನ್ನು ಹೊತ್ತು ಇಳಿಸುವ ಕೆಲಸವನ್ನು ಯಾವ ಆ್ಯಪ್‌ನ ನೆರವೂ ಇಲ್ಲದೆ ವರ್ಷಗಳಿಂದ ಮಾಡುತ್ತಿವೆ. ಊರಿನವರಿಗೆ ಅವರ ಪರಿಚಯವಿರುತ್ತದೆ, ಯಾವ ಮೆಟ್ಟಿಲು ಸಡಿಲ ಎಂಬುದೂ ಗೊತ್ತಿರುತ್ತದೆ. ಹೊಸಬರು ಕೋಟೆ ಏರುವ ಮೊದಲು ಅಂತಹ ತಂಡದ ಜತೆ ಹೋಗಬಹುದು.

ಒಬ್ಬರೇ ಹೊರಟರೆ ಕೆಲವು ಸಂಗತಿ ನೆನಪಿರಲಿ. ದೇವಗಿರಿಗೆ ಟಿಕೆಟ್ ಪಡೆದೇ ಒಳಹೋಗಬೇಕು, ಸಂಜೆ ಬಾಗಿಲು ಹಾಕುವ ಮೊದಲು ಇಳಿಯಬೇಕು. ಅಂಧೇರಿ ಸುರಂಗಕ್ಕೆ ಟಾರ್ಚ್ ಬೇಕು. ಸಾಲ್ಹೇರ್‌ಗೆ ಹೋಗುವವರು ಬುಡದ ಹಳ್ಳಿಯಲ್ಲಿ ತಾವು ಯಾರು, ಎಷ್ಟು ಜನ, ಯಾವಾಗ ಇಳಿಯುತ್ತೇವೆ ಎಂದು ಹೇಳಿ ಹೋಗಬೇಕು. ಮಳೆಗಾಲದಲ್ಲಿ ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನ ದಾರಿಯೂ ಕಾಣದು. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಬೇಕು, ಏಕೆಂದರೆ ಜಿಪಿಎಸ್ ಸಿಗುವ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ.